ಉಪ್ಪುಸಾರು, ಹಿಟ್ಟು ಮತ್ತು ಅಡಿಗೆಯವಳ ಪಾಲು

ಹಬ್ಬದ ಅಡಿಗೆಯಿಂದ ಮನೆಯ ಸಿರಿಯು ತಿಳಿಯುವುದು. ದಿನದ ಅಡಿಗೆಯಿಂದ ಮನೆಯ ವಿವೇಕವು ತಿಳಿಯುವುದು. ಒಬ್ಬಟ್ಟು, ಕಜ್ಜಾಯ, ಪಾಯಸಗಳನ್ನು ಕುರಿತು ಬರೆಯುವವರು ಅನೇಕರಿದ್ದಾರೆ. ಆದರೆ ದೂರದ ಊರಿಂದ ದಣಿದು ಬಂದ ಮಗನು, ಜ್ವರ ಬಿಟ್ಟೆದ್ದ ಮುದುಕನು, ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟುನಿಂತ ಮಗಳು, ಇವರು ಬಾಯಿಬಿಟ್ಟು ಕೇಳುವುದು ಈ ಭಕ್ಷ್ಯಗಳನ್ನಲ್ಲ. ಒಂದೊಂದು ಸೀಮೆಗೂ ನಾಲಗೆಯು ನಂಬಿಕೊಂಡಿರುವ ಒಂದೊಂದು ಊಟವುಂಟು. ಕರ್ನಾಟಕದ ದಕ್ಷಿಣದ ಅಂಚಿನಲ್ಲಿರುವ ಚಾಮರಾಜನಗರ, ಸಂತೆಮರಹಳ್ಳಿ, ಗುಂಡ್ಲುಪೇಟೆಗಳ ಕಡೆ ಆ ಊಟದ ಹೆಸರು ಉಪ್ಪುಸಾರು ಮತ್ತು ಹಿಟ್ಟು. ಆಡುಮಾತಿನಲ್ಲಿ ಅದು ‘ಉಪ್ಸಾರು’. ಹಿಟ್ಟೆಂದರೆ ಇಲ್ಲಿ ರಾಗಿಯ ಮುದ್ದೆ. ಮೈಸೂರು, ಮಂಡ್ಯದ ಸೀಮೆಗಳಲ್ಲಿಯೂ ಇದೇ ಊಟವು ಮನೆಮಾತಾಗಿದೆ.

ಈ ಊಟವನ್ನು ಬಡವರ ಊಟವೆಂದು ಹಗುರಾಗಿ ಕಾಣುವವರೂ ಉಂಟು. ಈಚೆಗೆ ಇದನ್ನು ಸರ್ವರೋಗಗಳಿಗೂ ಮದ್ದೆಂದು ಹೊಗಳುವವರೂ ಹೊರಟಿದ್ದಾರೆ. ಎರಡೂ ಅತಿಯಾದ ಮಾತು. ಈ ಅಡಿಗೆಯ ಒಂದೊಂದು ಹೆಜ್ಜೆಗೂ ಒಂದೊಂದು ಕಾರಣವಿದೆ. ಆ ಕಾರಣಗಳನ್ನು ಅರಿತ ಗೃಹಿಣಿಯು ಯಾವುದನ್ನು ಬದಲಿಸಬಹುದು, ಯಾವುದನ್ನು ಬದಲಿಸಬಾರದು ಎಂಬುದನ್ನು ತಾನೇ ನಿರ್ಣಯಿಸಬಲ್ಲಳು. ಇದಲ್ಲದೆ, ಈ ಊಟದ ಸಾರವಾದ ಭಾಗವು ಮನೆಯಲ್ಲಿ ಯಾರ ಪಾಲಿಗೆ ಬರುತ್ತದೆ ಎಂಬ ಒಂದು ಪ್ರಶ್ನೆಯೂ ಇದೆ. ಅದನ್ನು ಕೊನೆಯಲ್ಲಿ ವಿಚಾರಿಸೋಣ.

ಸೀಮೆಯ ಪರಿಚಯ

ಸಂತೆಮರಹಳ್ಳಿಯು ಚಾಮರಾಜನಗರ ತಾಲ್ಲೂಕಿನ ಒಂದು ಹೋಬಳಿಯ ಮುಖ್ಯ ಸ್ಥಳ. ಚಾಮರಾಜನಗರದಿಂದ ಯಳಂದೂರಿನ ಕಡೆಗೆ ಹೋಗುವ ದಾರಿಯಲ್ಲಿದೆ. ಹೆಸರಿನಲ್ಲಿಯೇ ಸಂತೆಯನ್ನು ಹೊತ್ತ ಊರಿದು. ಮೂಡಲ ದಿಕ್ಕಿಗೆ ಬಿಳಿಗಿರಿರಂಗನ ಬೆಟ್ಟದ ಸಾಲು. ಆ ಕಡೆಯಿಂದ ಇಳಿದು ಬಂದು ಕಾವೇರಿಯನ್ನು ಸೇರುವ ಸುವರ್ಣಾವತಿ ಹೊಳೆ. ಅರಿಕುಠಾರವೆಂದು ಹೆಸರಾಗಿದ್ದ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯವರ ನೆನಪಿಗಾಗಿ 1818ರಲ್ಲಿ ಚಾಮರಾಜನಗರವೆಂಬ ಹೆಸರನ್ನಿಟ್ಟರು. ಮೈಸೂರು ಜಿಲ್ಲೆಗೆ ಸೇರಿದ್ದ ಈ ಭಾಗವು 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಗುಂಡ್ಲುಪೇಟೆಯ ತಾಲ್ಲೂಕಿಗೆ ಒಂದು ಕಡೆ ಕೇರಳವೂ ಇನ್ನೊಂದು ಕಡೆ ತಮಿಳುನಾಡೂ ಎಲ್ಲೆಯಾಗಿವೆ.

ಇಲ್ಲಿ ಕೆಂಪು ನೆಲವೂ ಇದೆ, ಕಪ್ಪು ನೆಲವೂ ಇದೆ. ಮಳೆಯನ್ನು ನಂಬಿದ ಹೊಲಗಳಲ್ಲಿ ರಾಗಿ, ಜೋಳ, ಹುರುಳಿ, ಅವರೆ, ಅಲಸಂದೆಗಳು ಬೆಳೆಯುವುವು. ಇಂಥ ಹೊಲಗಳ ಬದುವಿನಲ್ಲಿ ಮಳೆ ಬಿದ್ದೊಡನೆ ಯಾರೂ ಬಿತ್ತದ ಸೊಪ್ಪುಗಳು ತಲೆಯೆತ್ತುವುವು: ಅಣ್ಣೆಸೊಪ್ಪು, ಹೊನಗೊನೆ, ಗಣಿಕೆ, ಕೀರೆ. ಕಳೆ ಕೀಳಲು ಹೋದ ಹೆಂಗಸರು ಇವನ್ನು ಬಿಡಿಸಿ ಮಡಿಲಲ್ಲಿ ಕಟ್ಟಿಕೊಂಡು ಬರುವರು. ನಾಲ್ಕಾರು ಬಗೆ ಕೂಡಿದರೆ ಅದಕ್ಕೆ ಬೆರಕೆಸೊಪ್ಪು ಎಂದು ಹೆಸರು. ದುಡ್ಡು ಕೊಡದೆ ಬಂದ ಸೊಪ್ಪು, ಹೊಲದಲ್ಲಿ ಬೆಳೆದ ಕಾಳು, ಮನೆಯ ರಾಗಿ. ಇವುಗಳಿಂದ ಒಂದು ಸಂಸಾರದ ಹೊತ್ತು ಕಳೆಯಬೇಕೆಂಬಲ್ಲಿ ಉಪ್ಪುಸಾರು ಹುಟ್ಟಿತೆಂದು ಊಹಿಸುವುದು ಕಷ್ಟವಲ್ಲ.

ಉಪ್ಪುಸಾರು ಎಂದರೇನು?

ಹೊರಗಿನವರಿಗೆ ಉಪ್ಪುಸಾರು, ಬಸ್ಸಾರು, ಮಸ್ಸೊಪ್ಪು ಇವೆಲ್ಲವೂ ಒಂದೇ ಎಂದು ತೋರುವುದು. ಹಾಗಲ್ಲ. ಬೇಯಿಸಿದ ಸೊಪ್ಪು ಕಾಳುಗಳನ್ನು ಕಡೆಗೋಲಿನಿಂದ ಮಸೆದು ಗಟ್ಟಿಯಾಗಿ ಮಾಡಿದರೆ ಅದು ಮಸ್ಸೊಪ್ಪು. ಬೇಯಿಸಿದ ನೀರನ್ನು ಬಸಿದು, ಆ ಕಟ್ಟಿಗೆ ಅರೆದ ಮಸಾಲೆಯನ್ನು ಸೇರಿಸಿ ಮತ್ತೆ ಕುದಿಸಿದರೆ ಅದು ಬಸ್ಸಾರು. ಬಸಿದ ಕಟ್ಟನ್ನು ಉಪ್ಪಿನೊಂದಿಗೆ ಹಾಗೆಯೇ ಇಟ್ಟು, ಖಾರವನ್ನು ಬೇರೆ ಅರೆದು, ಉಣ್ಣುವಾಗ ತಟ್ಟೆಯಲ್ಲಿ ಕಲಸಿಕೊಂಡರೆ ಅದು ಉಪ್ಪುಸಾರು. ಮೂರಕ್ಕೂ ಪದಾರ್ಥಗಳು ಹೆಚ್ಚುಕಡಿಮೆ ಒಂದೇ, ಭೇದವಿರುವುದು ಕ್ರಮದಲ್ಲಿ.

ನಾಲ್ಕೈದು ಜನರ ಸಂಸಾರಕ್ಕೆ ಅಳತೆಯು ಹೀಗೆ: ಅಲಸಂದೆ, ಹೆಸರು ಅಥವಾ ಅವರೆಯ ಕಾಳು ಒಂದು ಲೋಟ, ದಂಟು, ಕೀರೆ ಅಥವಾ ಬೆರಕೆಸೊಪ್ಪು ಎರಡು ದೊಡ್ಡ ಕಟ್ಟು, ನೀರು ಎಂಟು ಲೋಟ, ಉಪ್ಪು. ಖಾರಕ್ಕೆ ಒಣಮೆಣಸಿನಕಾಯಿ ಎಂಟು ಅಥವಾ ಹಸಿಮೆಣಸಿನಕಾಯಿ ಆರು, ಬೆಳ್ಳುಳ್ಳಿ ಒಂದು ಗೆಡ್ಡೆ, ಜೀರಿಗೆ ಒಂದು ಸಣ್ಣ ಚಮಚ, ಕರಿಮೆಣಸು ಅರ್ಧ ಚಮಚ, ನೆಲ್ಲಿಕಾಯಿ ಗಾತ್ರದ ಹುಣಿಸೆಹಣ್ಣು, ಒಂದು ಹಿಡಿ ಕೊತ್ತಂಬರಿಸೊಪ್ಪು, ಉಪ್ಪು.

ಕಾಳನ್ನು ನೆನೆಹಾಕಿ, ನೀರಿನಲ್ಲಿ ಮುಕ್ಕಾಲು ಪಾಲು ಬೇಯುವ ತನಕ ಬೇಯಿಸತಕ್ಕದ್ದು. ಆಮೇಲೆ ತೊಳೆದು ಹೆಚ್ಚಿದ ಸೊಪ್ಪನ್ನೂ ಉಪ್ಪನ್ನೂ ಹಾಕಿ, ಮುಚ್ಚಳವಿಡದೆ ಸೊಪ್ಪು ಮೆತ್ತಗಾಗುವಷ್ಟು ಹೊತ್ತು ಮಾತ್ರ ಕುದಿಸಿ, ಕಟ್ಟನ್ನು ಬೇರೆ ಪಾತ್ರೆಗೆ ಬಸಿದಿಡುವುದು. ಉಳಿದ ಸೊಪ್ಪುಕಾಳಿಗೆ ಎಣ್ಣೆ, ಸಾಸಿವೆ, ಈರುಳ್ಳಿ, ಒಂದೆರಡು ಒಣಮೆಣಸಿನಕಾಯಿಗಳ ಒಗ್ಗರಣೆ ಕೊಟ್ಟು, ತೆಂಗಿನತುರಿ ಉದುರಿಸಿದರೆ ಪಲ್ಯವಾಯಿತು. ಮೆಣಸಿನಕಾಯಿಯನ್ನು ಕೆಂಡದಲ್ಲಾಗಲಿ ಬಾಣಲೆಯಲ್ಲಾಗಲಿ ಸುಟ್ಟು, ಮಿಕ್ಕ ಸಾಮಾನುಗಳೊಡನೆ ನೀರು ಸೋಕಿಸಿ ನುಣ್ಣಗೆ ಅರೆದರೆ ಖಾರವಾಯಿತು. ತಟ್ಟೆಯಲ್ಲಿ ಹಿಟ್ಟು, ಪಕ್ಕದಲ್ಲಿ ಪಲ್ಯ, ಒಂದು ಮೂಲೆಯಲ್ಲಿ ಗುಲಗಂಜಿಯಷ್ಟೋ ಗೋಲಿಯಷ್ಟೋ ಖಾರ. ಅದರ ಮೇಲೆ ಬಿಸಿಬಿಸಿ ಕಟ್ಟು. ಊಟವು ಸಿದ್ಧ.

ಕ್ರಮದೊಳಗಿನ ಕಾರಣ

ಈಗ ಈ ಕ್ರಮದ ಗುಣವನ್ನು ಪರಿಶೀಲಿಸೋಣ. ಮೊದಲನೆಯದು, ಬಸಿದ ನೀರನ್ನು ಚೆಲ್ಲದಿರುವುದು. ಸೊಪ್ಪು ತರಕಾರಿಗಳಲ್ಲಿರುವ ಕೆಲವು ಜೀವಸತ್ತ್ವಗಳು ನೀರಿನಲ್ಲಿ ಕರಗತಕ್ಕವು. ಬೇಯಿಸಿದಾಗ ಅವು ಸೊಪ್ಪನ್ನು ಬಿಟ್ಟು ನೀರನ್ನು ಸೇರುವುವು. ನೀರನ್ನು ಚೆಲ್ಲಿ ಸೊಪ್ಪನ್ನು ಮಾತ್ರ ತಿನ್ನುವವರು ಅಷ್ಟನ್ನು ಕಳೆದುಕೊಂಡಂತೆ. ಉಪ್ಪುಸಾರಿನ ಮನೆಯಲ್ಲಿ ಸೊಪ್ಪು ಪಲ್ಯವಾಗುವುದು, ನೀರು ಸಾರಾಗುವುದು; ಚೆಲ್ಲುವುದಕ್ಕೆ ಏನೂ ಉಳಿಯುವುದಿಲ್ಲ.

ಎರಡನೆಯದು, ಹುಣಿಸೆಹುಳಿಯನ್ನು ಮಡಕೆಗೆ ಹಾಕದೆ ಖಾರದಲ್ಲಿ ಅರೆಯುವುದು. ಹುಳಿ ಬಿದ್ದ ನೀರಿನಲ್ಲಿ ಕಾಳು ಬೇಗ ಮೆತ್ತಗಾಗುವುದಿಲ್ಲ. ಸೊಪ್ಪಿನ ಹಸಿರು ಮಾಸಿ ಕಂದುಬಣ್ಣಕ್ಕೆ ತಿರುಗುವುದು. ಮುಚ್ಚಳವಿಡಬಾರದೆಂಬುದಕ್ಕೂ ಇದೇ ಕಾರಣ: ಸೊಪ್ಪಿನೊಳಗಣ ಹುಳಿಯ ಅಂಶವು ಸ್ವಲ್ಪಮಟ್ಟಿಗೆ ಆವಿಯೊಡನೆ ಹೊರಟುಹೋಗಲು ದಾರಿ ಬೇಕು. ಕಾಳು ಬೆಂದು, ಸೊಪ್ಪು ಬೆಂದು, ಎಲ್ಲವೂ ಮುಗಿದಮೇಲೆ ಹುಳಿಯು ತಟ್ಟೆಯಲ್ಲಿ ಬಂದು ಕೂಡಿಕೊಳ್ಳುವುದು.

ಮೂರನೆಯದು, ಹಸಿಯ ಬೆಳ್ಳುಳ್ಳಿ. ಬೆಳ್ಳುಳ್ಳಿಯ ಕಟುವಾದ ವಾಸನೆಯು ಅದರ ಎಸಳಿನಲ್ಲಿ ಮೊದಲೇ ಇರತಕ್ಕದ್ದಲ್ಲ; ಜಜ್ಜಿದಾಗ ಎರಡು ಅಂಶಗಳು ಕೂಡಿ ಹುಟ್ಟತಕ್ಕದ್ದು. ಹೆಚ್ಚು ಹೊತ್ತು ಬೇಯಿಸಿದರೆ ಆ ಕಟುತ್ವವು ಹೋಗುವುದು. ಖಾರವನ್ನು ಒಲೆಗೆ ತೋರಿಸದೆ, ಬಿಸಿ ಕಟ್ಟನ್ನು ಮಾತ್ರ ಮೇಲೆ ಸುರಿಯುವುದರಿಂದ ಉಪ್ಪುಸಾರಿನ ಪರಿಮಳವು ಬಸ್ಸಾರಿನ ಪರಿಮಳಕ್ಕಿಂತ ಬೇರೆಯಾಗಿರುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ಖಾರವು ತಟ್ಟೆಯ ಮೂಲೆಯಲ್ಲಿರುವುದರಿಂದ ಒಂದೇ ಮಡಕೆಯ ಅಡಿಗೆಯು ಎಲ್ಲ ವಯಸ್ಸಿನವರಿಗೂ ಒದಗುವುದು. ಮಗುವಿಗೆ ಬರಿಯ ಕಟ್ಟು; ಹೊಲದಿಂದ ಬಂದವನಿಗೆ ಗೋಲಿಯಷ್ಟು ಖಾರ; ಹೊಟ್ಟೆಯುರಿಯ ಅಜ್ಜಿಗೆ ಉಗುರಿನ ತುದಿಯಷ್ಟು. ರೋಗಿಗೊಂದು, ಮಗುವಿಗೊಂದು, ದುಡಿಯುವವನಿಗೊಂದು ಎಂದು ಮೂರು ಬಗೆ ಅಡಿಗೆ ಮಾಡುವ ಶ್ರಮವು ಗೃಹಿಣಿಗೆ ತಪ್ಪುವುದು.

ಹಿಟ್ಟು ತೊಳಸುವ ವಿದ್ಯೆ

ಹೊಸದಾಗಿ ಕಲಿಯುವವರನ್ನು ಅಂಜಿಸುವುದು ಹಿಟ್ಟು. “ಎಷ್ಟು ಹಿಟ್ಟು ಹಾಕಲವ್ವಾ?” ಎಂದು ಮಗಳು ಕೇಳಿದರೆ, “ಎಸರು ಎಷ್ಟು ಹಿಡೀತದೋ ಅಷ್ಟು ಹಾಕು ಕಣವ್ವ” ಎಂಬುದೇ ಹಳ್ಳಿಯ ತಾಯಿಯ ಉತ್ತರ. ಆಕೆಯ ಕೈಗೆ ಅಳತೆಯು ತಿಳಿದಿದೆ, ಬಾಯಿಗೆ ತಿಳಿದಿಲ್ಲ. ಕನ್ನಡದಲ್ಲಿ ಪಾಕಶಾಸ್ತ್ರವನ್ನು ಬರೆದಿಡುವ ಪದ್ಧತಿಯು ಹಳೆಯದು. ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ (ಕ್ರಿ. ಶ. 1025) ಅಡಿಗೆಯ ಭಾಗವಿದೆ, ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನೇ ಪದ್ಯದಲ್ಲಿ ಬರೆದನು. ಆದರೂ ಹಳ್ಳಿಯ ಒಲೆಯ ವಿದ್ಯೆಯು ಬಹುಮಟ್ಟಿಗೆ ಕೈಯಿಂದ ಕೈಗೇ ಬಂದಿತು. ತಾಯಿಯ ಬಳಿ ನಿಂತು ನೋಡುವ ಕಾಲವಿದ್ದಷ್ಟು ದಿನ ಅದು ಸಾಕಾಗಿತ್ತು. ಮೈಸೂರಿಗೋ ಬೆಂಗಳೂರಿಗೋ ಓದಲು, ದುಡಿಯಲು ಮಕ್ಕಳು ಹೊರಡುವ ಈ ಕಾಲದಲ್ಲಿ ಅಳತೆಯನ್ನು ಬರೆದಿಡುವುದು ಅವಶ್ಯವಾಗಿದೆ.

ಒಂದು ಲೋಟ ರಾಗಿಹಿಟ್ಟಿಗೆ ಎರಡು ಲೋಟ ನೀರೆಂಬುದು ಮೊದಲ ಪರೀಕ್ಷೆಗೆ ಯೋಗ್ಯವಾದ ಅಳತೆ. ನೀರಿಗೆ ಚಿಟಿಕೆ ಉಪ್ಪು ಹಾಕಿ ಎಸರಿಡತಕ್ಕದ್ದು. ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಎಸರಿಗೆ ಹೊಯ್ದರೆ ನೀರು ತುಸು ಮಂದವಾಗಿ ಉಕ್ಕಿಬರುವುದು. ಆಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ನಡುವೆ ಒಂದು ರಂಧ್ರವನ್ನು ಮಾಡಿ, ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಕಲಕದೆ ಬಿಡುವುದು. ಆಮೇಲೆ ಪಾತ್ರೆಯನ್ನು ಕವೆಗೋಲಿನಿಂದಲೋ ಇಕ್ಕಳದಿಂದಲೋ ಅದುಮಿ ಹಿಡಿದು, ಹಿಟ್ಟಿನ ಕೋಲಿನಿಂದ ಅಂಚಿನಿಂದ ನಡುವಿಗೆ ಬಲವಾಗಿ ತೊಳಸಬೇಕು. ಗಂಟಿಲ್ಲದೆ ಹೊಳಪು ಬಂದಮೇಲೆ ಒಂದು ಚಮಚ ನೀರು ಚಿಮುಕಿಸಿ, ಮುಚ್ಚಿ, ಎರಡು ನಿಮಿಷ ಹಬೆಯಲ್ಲಿ ಬೇಯಿಸಿ, ಒದ್ದೆಯ ಕೈಯಲ್ಲಿ ಉಂಡೆ ಕಟ್ಟುವುದು. ಒದ್ದೆ ಬೆರಳಿನಿಂದ ಮುಟ್ಟಿದರೆ ಅಂಟದಿರುವುದೇ ಬೆಂದುದಕ್ಕೆ ಗುರುತು.

ಇಲ್ಲಿಯೂ ಕಾರಣವನ್ನು ಅರಿಯುವುದು ಲೇಸು. ಗೋಧಿಯಲ್ಲಿ ನಾದಿದಷ್ಟೂ ಎಳೆಯಾಗಿ ಹಿಗ್ಗುವ ಒಂದು ಅಂಶವಿದೆ. ರಾಗಿಯಲ್ಲಿ ಅದು ಇಲ್ಲ. ರಾಗಿಯು ಕೂಡಿಕೊಳ್ಳುವುದು ಅದರ ಪಿಷ್ಟವು ಬಿಸಿನೀರನ್ನು ಹೀರಿ ಉಬ್ಬುವುದರಿಂದ ಮಾತ್ರ. ಒಣಹಿಟ್ಟಿನ ಮುದ್ದೆಯೊಂದು ಕುದಿಯುವ ನೀರಿಗೆ ಒಮ್ಮೆಗೇ ಬಿದ್ದರೆ ಹೊರಗಿನ ಪದರವು ತಟ್ಟನೆ ಬೆಂದು ಗೋಡೆಯಾಗುವುದು. ಒಳಕ್ಕೆ ನೀರು ಹೋಗದು. ಗಂಟು ಎಂಬುದು ಇದೇ. ಮೊದಲು ಎಸರನ್ನು ಮಂದಮಾಡಿ, ಹಿಟ್ಟನ್ನು ಹಬೆಯಲ್ಲಿ ನೆನೆಯಗೊಟ್ಟು, ಆಮೇಲೆ ತೊಳಸಿದರೆ ಗಂಟಿಗೆ ಎಡೆಯಿರುವುದಿಲ್ಲ. ತೀರ ಸಣ್ಣ ಜರಡಿಯಲ್ಲಿ ಹಿಟ್ಟನ್ನು ಸೋಸಬಾರದು. ನಾರೂ ಖನಿಜಾಂಶವೂ ಹೆಚ್ಚಾಗಿರುವುದು ಜರಡಿಯ ಮೇಲೆ ಉಳಿಯುವ ಹೊಟ್ಟಿನಲ್ಲಿಯೇ.

ಪರದೇಶದಿಂದ ಬಂದ ನಂಟರು

ಅಡಿಗೆಯಲ್ಲಿ ಹೊಸದನ್ನು ಸೇರಿಸಿದರೆ ಹಳೆಯ ರುಚಿ ಕೆಡುವುದೆಂದು ಹಿರಿಯರು ಗೊಣಗುವುದುಂಟು. ಆದರೆ ನಮ್ಮ ಈ ಅಪ್ಪಟ ನಾಡ ಊಟದ ಪದಾರ್ಥಗಳ ಚರಿತ್ರೆಯನ್ನು ಕೇಳಿದರೆ ಆಶ್ಚರ್ಯವಾಗುವುದು. ರಾಗಿಯ ತವರು ಆಫ್ರಿಕಾಖಂಡದ ಪೂರ್ವಭಾಗದ ಎತ್ತರದ ಪ್ರದೇಶ. ಬಹು ಪ್ರಾಚೀನ ಕಾಲದಲ್ಲಿ ಅದು ಭರತಖಂಡಕ್ಕೆ ಬಂದು ನೆಲೆಸಿತು. ಮೆಣಸಿನಕಾಯಿಯಂತೂ ಅಮೇರಿಕಾದ್ದು, ಪೋರ್ಚುಗೀಸರ ಹಡಗುಗಳ ಮೂಲಕ ಹದಿನಾರನೆಯ ಶತಮಾನದಲ್ಲಿ ಇಲ್ಲಿಗೆ ಬಂದಿತು. ಅದಕ್ಕೆ ಮೊದಲು ನಮ್ಮವರು ಖಾರಕ್ಕೆ ನೆಚ್ಚಿಕೊಂಡಿದ್ದುದು ಮೆಣಸು, ಹಿಪ್ಪಲಿ, ಶುಂಠಿಗಳನ್ನು. ‘ಮೆಣಸಿನ ಕಾಯಿ’ ಎಂಬ ಹೆಸರೇ ಹಳೆಯ ಮೆಣಸಿನ ಸ್ಥಾನಕ್ಕೆ ಹೊಸಬನು ಬಂದುದನ್ನು ಸಾರುತ್ತದೆ. ಉಪ್ಪುಸಾರಿನ ಖಾರದಲ್ಲಿ ಇಂದಿಗೂ ಎರಡೂ ಜೊತೆಯಾಗಿ ಅರೆಯಲ್ಪಡುತ್ತವೆ.

ರಾಗಿಗೆ ಮಾನವು ಸುಲಭವಾಗಿ ದೊರೆತುದಲ್ಲ. ಭತ್ತಕ್ಕೂ ರಾಗಿಗೂ ಯಾರು ಹೆಚ್ಚೆಂಬ ವಾದವು ಹುಟ್ಟಿ, ಶ್ರೀರಾಮನ ಸನ್ನಿಧಿಯಲ್ಲಿ ರಾಗಿಯು ಗೆದ್ದ ಕಥೆಯನ್ನು ಕನಕದಾಸರು ‘ರಾಮಧಾನ್ಯಚರಿತ್ರೆ’ಯಲ್ಲಿ ಹೇಳಿದ್ದಾರೆ. ಇಪ್ಪತ್ತನೆಯ ಶತಮಾನದಲ್ಲಿ ಮಂಡ್ಯದ ಸಂಶೋಧನಾ ಕೇಂದ್ರದಲ್ಲಿ ರಾಗಿ ಲಕ್ಷ್ಮಣಯ್ಯನವರೆಂದೇ ಹೆಸರಾದ ತಳಿವಿಜ್ಞಾನಿಗಳು ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯೊಡನೆ ಸಂಕರಿಸಿ, ‘ಇಂಡಾಫ್’ ಎಂಬ ಹೆಚ್ಚು ಇಳುವರಿಯ ತಳಿಗಳನ್ನು ಸೃಷ್ಟಿಸಿದರು. ಇಂಡಿಯಾದ ಹೆಸರಿನ ಮೊದಲಕ್ಷರಗಳೂ ಆಫ್ರಿಕಾದ ಹೆಸರಿನ ಮೊದಲಕ್ಷರಗಳೂ ಕೂಡಿ ಆ ಹೆಸರಾಯಿತು. ಸಂಯುಕ್ತ ರಾಷ್ಟ್ರಸಂಸ್ಥೆಯು 2023ನೆಯ ವರ್ಷವನ್ನು ಸಿರಿಧಾನ್ಯಗಳ ಅಂತಾರಾಷ್ಟ್ರೀಯ ವರ್ಷವೆಂದು ಆಚರಿಸಿತು. ಹಿಂದೆ ಹಬ್ಬಕ್ಕೆ ಮಾತ್ರ ಅನ್ನವನ್ನು ಕಾಣುತ್ತಿದ್ದ ಮನೆಗಳಲ್ಲಿ ಈಗ ಅನ್ನವು ದಿನದ ಊಟವಾಗಿರುವಾಗ, ಪಟ್ಟಣದ ಅಂಗಡಿಗಳು ರಾಗಿಯನ್ನು ಅಂದದ ಪೊಟ್ಟಣಗಳಲ್ಲಿ ಮಾರುತ್ತಿರುವುದು ಕಾಲದ ವಿನೋದವೇ ಸರಿ.

ಆದುದರಿಂದ ಪ್ರಯೋಗವೆಂಬುದು ನಮ್ಮ ಅಡಿಗೆಮನೆಗೆ ಹೊಸದಲ್ಲ. ತಿಳಿದು ಮಾಡಿದ ಪ್ರಯೋಗವು ಉಳಿಯುವುದು. ತಿಳಿಯದೆ ಮಾಡಿದ್ದು ಪದಾರ್ಥವನ್ನು ಕೆಡಿಸುವುದು.

ಮಾಡಬಹುದಾದ ಪ್ರಯೋಗಗಳು

ಕಾಳನ್ನು ಕುಕ್ಕರಿನಲ್ಲಿ ಬೇಯಿಸುವುದಕ್ಕೆ ಅಡ್ಡಿಯಿಲ್ಲ. ಸೌದೆಯೂ ಹೊತ್ತೂ ಉಳಿಯುವುವು. ಆದರೆ ಸೊಪ್ಪನ್ನು ಅದರೊಡನೆಯೇ ಹಾಕಿ ಕೂಗಿಸಬಾರದು. ಮುಚ್ಚಳವನ್ನು ತೆಗೆದಮೇಲೆ ಸೊಪ್ಪನ್ನು ಹಾಕಿ ಒಂದೆರಡು ಕುದಿ ಕುದಿಸಿದರೆ ಸಾಕು. ಖಾರವನ್ನು ಯಂತ್ರದಲ್ಲಿ ಅರೆಯಬಹುದು. ಸ್ವಲ್ಪ ಸ್ವಲ್ಪವಾಗಿ ನಿಲ್ಲಿಸಿ ನಿಲ್ಲಿಸಿ ಅರೆದರೆ ಒರಳಿನ ಹದವು ಹತ್ತಿರಹತ್ತಿರ ಬರುವುದು. ಬಾಣಂತಿಗೂ ನೆಗಡಿಯಾದವರಿಗೂ ಮೆಣಸಿನಕಾಯಿಯನ್ನು ಬಿಟ್ಟು ಕರಿಮೆಣಸು, ಜೀರಿಗೆ, ಬೆಳ್ಳುಳ್ಳಿಗಳಿಂದಲೇ ಖಾರವನ್ನು ಅರೆಯಬಹುದು. ನುಗ್ಗೆಸೊಪ್ಪಿನಿಂದ ಒಂದು ದಿನ, ಹುರುಳಿಕಾಯಿಯಿಂದ ಒಂದು ದಿನ, ಹಸಿ ಅವರೆಯ ಕಾಲದಲ್ಲಿ ಅವರೆಕಾಳಿನಿಂದ ಒಂದು ದಿನ, ಹೀಗೆ ಕಟ್ಟಿನ ರುಚಿಯನ್ನು ಬದಲಾಯಿಸಬಹುದು. ಊರುಬಿಟ್ಟು ಕೊಠಡಿಯಲ್ಲಿ ಒಬ್ಬರೇ ಇರುವವರು ಒಂದು ವಾರಕ್ಕಾಗುವ ಖಾರವನ್ನು ನೀರು ಸೋಕಿಸದೆ ಅರೆದು ಶೀತಪೆಟ್ಟಿಗೆಯಲ್ಲಿ ಇಟ್ಟುಕೊಂಡರೆ, ದಿನವೂ ಒಂದು ಹಿಡಿ ಹೆಸರುಕಾಳು, ಒಂದು ಹಿಡಿ ಸೊಪ್ಪು ಬೇಯಿಸಿಕೊಳ್ಳುವುದಷ್ಟೇ ಉಳಿದ ಕೆಲಸ. ಹಿಟ್ಟು ತೊಳಸಲಾಗದ ದಿನ ಅನ್ನದೊಡನೆ ಉಂಡರೂ ಉಪ್ಪುಸಾರು ಮುನಿಯುವುದಿಲ್ಲ.

ಮಾಡಬಾರದ ಪ್ರಯೋಗಗಳೂ ಉಂಟು. ಕಾಳು ಬೇಗ ಬೇಯಲೆಂದೂ ಸೊಪ್ಪು ಹಸಿರಾಗಿರಲೆಂದೂ ಅಡಿಗೆಸೋಡವನ್ನು ಹಾಕುವ ಪದ್ಧತಿಯು ಕೆಲವೆಡೆ ಇದೆ. ಬಣ್ಣವು ನಿಲ್ಲುವುದು ನಿಜ; ಆದರೆ ಕೆಲವು ಜೀವಸತ್ತ್ವಗಳು ನಾಶವಾಗುವುವು. ಹಾಗೆಯೇ ಮಧುಮೇಹಿಗಳು ರಾಗಿಯನ್ನು ಎಷ್ಟು ತಿಂದರೂ ಸಕ್ಕರೆಯ ಅಂಶ ಏರದೆಂಬ ನಂಬಿಕೆಯು ಸರಿಯಲ್ಲ. ರಾಗಿಯಲ್ಲಿಯೂ ಹೆಚ್ಚಿನ ಪಾಲು ಪಿಷ್ಟವೇ. ಹಿಟ್ಟಿನ ಗಾತ್ರವನ್ನು ಕಿರಿದುಮಾಡಿ ಪಲ್ಯವನ್ನು ಹಿರಿದುಮಾಡುವುದೇ ಅವರಿಗೆ ಹಿತ. ರಕ್ತದ ಒತ್ತಡವಿರುವವರು ಕಟ್ಟಿನಲ್ಲಿ ಒಮ್ಮೆ, ಖಾರದಲ್ಲಿ ಒಮ್ಮೆ ಉಪ್ಪು ಬೀಳುವುದನ್ನು ಮರೆಯದೆ, ಎರಡರಲ್ಲೊಂದನ್ನು ಕಡಮೆ ಮಾಡಿಕೊಳ್ಳತಕ್ಕದ್ದು.

ಇನ್ನೆರಡು ಆಪ್ತ ಅಡಿಗೆಗಳು

ಹುರುಳಿಯ ಬಸ್ಸಾರು: ಒಂದು ಲೋಟ ಹುರುಳಿಯನ್ನು ಕಲ್ಲು ಆರಿಸಿ, ರಾತ್ರಿ ನೆನೆಹಾಕಿ, ಬೆಳಿಗ್ಗೆ ಆರು ಲೋಟ ನೀರಿನಲ್ಲಿ ಚೆನ್ನಾಗಿ ಬೇಯಿಸಿ ಕಟ್ಟನ್ನು ಬಸಿಯುವುದು. ಸುಟ್ಟ ಈರುಳ್ಳಿ ಒಂದು, ಬೆಳ್ಳುಳ್ಳಿ ಅರ್ಧ ಗೆಡ್ಡೆ, ಹುರಿದ ಒಣಮೆಣಸಿನಕಾಯಿ ಆರು, ಮೆಣಸು, ಜೀರಿಗೆ, ಧನಿಯ, ಎರಡು ಚಮಚ ತೆಂಗಿನತುರಿ, ಹುಣಿಸೆಹಣ್ಣು ಇವನ್ನು ಒಂದು ಹಿಡಿ ಬೆಂದ ಹುರುಳಿಯೊಡನೆ ಅರೆದು, ಕಟ್ಟಿಗೆ ಕೂಡಿಸಿ, ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಕುದಿಸಿ ಒಗ್ಗರಣೆ ಕೊಡುವುದು. ಬೆಂದ ಹುರುಳಿಯನ್ನು ಅರೆದು ಸೇರಿಸುವುದರಿಂದ ಸಾರಿಗೆ ಮೈ ಬರುವುದು. ಮಾರನೆಯ ದಿನ ಕಾಯಿಸಿ ಉಂಡರೆ ಇದರ ರುಚಿಯು ಹೆಚ್ಚೆಂಬುದು ಬಲ್ಲವರ ಮತ.

ಅಂಬಲಿ: ಮೂರು ಚಮಚ ರಾಗಿಹಿಟ್ಟನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದೆ ಕದಡಿ, ಕುದಿಯುವ ಎರಡು ಲೋಟ ನೀರಿಗೆ ಹೊಯ್ದು, ಕೈಬಿಡದೆ ಕಲಕುತ್ತ ಐದಾರು ನಿಮಿಷ ಬೇಯಿಸಿ ಆರಿಸುವುದು. ಉಪ್ಪು, ಒಂದು ಲೋಟ ಮಜ್ಜಿಗೆ, ಸಣ್ಣಗೆ ಹೆಚ್ಚಿದ ಈರುಳ್ಳಿ, ಕೊತ್ತಂಬರಿಸೊಪ್ಪುಗಳನ್ನು ಬೆರೆಸಿ ಕುಡಿಯುವುದು. ಬೇಸಗೆಯ ಬಿಸಿಲಿನಲ್ಲಿ ದುಡಿಯುವವರಿಗೂ, ಹಲ್ಲಿಲ್ಲದ ಹಿರಿಯರಿಗೂ, ಬಾಯಿ ಕೆಟ್ಟ ರೋಗಿಗೂ ಇದಕ್ಕಿಂತ ಸುಲಭವಾದ ಆಹಾರವಿಲ್ಲ.

ಅಡಿಗೆಯವಳ ಪಾಲು

ಈಗ ಮೊದಲು ಹೇಳಿದ ಪ್ರಶ್ನೆಗೆ ಬರೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 2017ರಲ್ಲಿ ಪ್ರಕಟಿಸಿದ ಆಹಾರಕೋಷ್ಟಕದಂತೆ ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಷ್ಟೇ ತೂಕದ ಬಿಳಿಯ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಕೂಡ ಇಲ್ಲ. ಹುರುಳಿಯಲ್ಲಿ ನೂರಕ್ಕೆ ಸುಮಾರು 22 ಪಾಲು ಸಸಾರಜನಕವಿದೆ; ಕಬ್ಬಿಣದ ಅಂಶವೂ ಚೆನ್ನಾಗಿದೆ. ದಂಟು ಮೊದಲಾದ ಸೊಪ್ಪುಗಳಲ್ಲಿಯೂ ಕಬ್ಬಿಣವುಂಟು. ಇಷ್ಟೆಲ್ಲ ಸಾರವುಳ್ಳ ಊಟವನ್ನು ಉಣ್ಣುವ ನಾಡಿನಲ್ಲಿ ಹೆಂಗಸರು ರಕ್ತಪುಷ್ಟಿಯಿಂದ ಇರಬೇಕಷ್ಟೆ? ಆದರೆ 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆಯಿದೆ. ಇಡೀ ದೇಶದಲ್ಲಿ ಇದು ನೂರಕ್ಕೆ 57.

ಇದಕ್ಕೆ ಕಾರಣಗಳು ಅನೇಕ. ತಿಂಗಳ ಸ್ರಾವ, ಮೇಲಿಂದ ಮೇಲೆ ಬಸಿರು, ಹೊಟ್ಟೆಯ ಹುಳು, ಇವೆಲ್ಲವೂ ಸೇರುವುವು. ಆದರೆ ಅಡಿಗೆಮನೆಯೊಳಗೇ ಇರುವ ಒಂದು ಕಾರಣವನ್ನು ಕುರಿತು ನಾವು ಮಾತನಾಡುವುದು ಅಪರೂಪ. ಅನೇಕ ಮನೆಗಳಲ್ಲಿ ಹಿಟ್ಟು ತೊಳಸಿದವಳೇ ಕೊನೆಗೆ ಉಣ್ಣತಕ್ಕವಳು. ಗಂಡಸರಿಗೂ ಮಕ್ಕಳಿಗೂ ಅತ್ತೆಮಾವಂದಿರಿಗೂ ಬಡಿಸಿಯಾಗುವಷ್ಟರಲ್ಲಿ ಪಲ್ಯದ ಬಾಣಲೆಯು ಬರಿದಾಗಿರುವುದು. ಕಟ್ಟಂತೂ ಎಷ್ಟಿದ್ದರೂ ಉಳಿಯತಕ್ಕದ್ದೇ. ಆಕೆಯು ಅರ್ಧ ಹಿಟ್ಟನ್ನು ಕಟ್ಟಿನಲ್ಲಿ ಅದ್ದಿ, ಖಾರವನ್ನು ಹೆಚ್ಚಾಗಿ ಹಚ್ಚಿಕೊಂಡು ಊಟ ಮುಗಿಸಿ ಏಳುವಳು. ಕಾಳೂ ಸೊಪ್ಪೂ ಇರುವುದು ಪಲ್ಯದಲ್ಲಿ. ಆಕೆಗೆ ದೊರೆತುದು ತಿಳಿಯಾದ ನೀರು. ಯಾರೂ ಆಕೆಗೆ ಕೊಡಬಾರದೆಂದು ಎಣಿಸಿದವರಲ್ಲ; ಆದರೆ ಯಾರೂ ಎಣಿಸದೆಯೇ ದಿನದಿನವೂ ಹೀಗೆ ನಡೆದುಹೋಗುವುದು.

ಇದಕ್ಕೆ ಖರ್ಚಿಲ್ಲದ ಉಪಾಯಗಳಿವೆ. ಒಗ್ಗರಣೆ ಕೊಟ್ಟ ಕೂಡಲೇ, ಯಾರಿಗೂ ಬಡಿಸುವುದಕ್ಕೆ ಮೊದಲು, ಅಡಿಗೆ ಮಾಡಿದವಳ ಪಾಲಿನ ಪಲ್ಯವನ್ನು ಒಂದು ಬಟ್ಟಲಿಗೆ ತೆಗೆದಿಡುವುದು ಮೊದಲನೆಯದು. ಇದನ್ನು ಆಕೆಯೇ ಮಾಡಲು ಸಂಕೋಚಪಡುವಳು. ಅತ್ತೆಯಾಗಲಿ ಗಂಡನಾಗಲಿ ಮಾಡಿದರೆ ಸಂಕೋಚವು ಹೋಗುವುದು. ಗಿಡಮೂಲದ ಕಬ್ಬಿಣವನ್ನು ದೇಹವು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ನಿಂಬೆಯ ಹುಳಿಯಲ್ಲಿರುವ ‘ಸಿ’ ಜೀವಸತ್ತ್ವವು ಅದಕ್ಕೆ ನೆರವಾಗುವುದು. ಆದುದರಿಂದ ಉಣ್ಣುವ ಸಮಯದಲ್ಲಿ ಪಲ್ಯದ ಮೇಲೆ ಅರ್ಧ ಹೋಳು ನಿಂಬೆಯನ್ನು ಹಿಂಡಿಕೊಳ್ಳುವುದು ಎರಡನೆಯದು. ಒಲೆಯ ಮೇಲಿರುವಾಗ ಹಿಂಡಿದರೆ ಆ ಸತ್ತ್ವವು ಬಿಸಿಗೆ ನಾಶವಾಗುವುದು. ಊಟವಾದೊಡನೆ ಕಾಫಿ, ಟೀ ಕುಡಿದರೆ ಕಬ್ಬಿಣವು ಮೈಗೆ ಹತ್ತುವುದಕ್ಕೆ ಅಡ್ಡಿಯಾಗುವುದು. ಒಂದು ಗಂಟೆಯಾದರೂ ತಡೆಯುವುದು ಮೂರನೆಯದು. ರಾಗಿಯನ್ನು ಮೊಳಕೆ ಬರಿಸಿ, ಒಣಗಿಸಿ, ಬೀಸಿದ ಹಿಟ್ಟಿನಲ್ಲಿ ಈ ಅಡ್ಡಿಯ ಅಂಶವು ಕಡಮೆಯಾಗುವುದು; ಅಂಬಲಿಗೂ ಮಕ್ಕಳ ಗಂಜಿಗೂ ಅದನ್ನು ಬಳಸುವುದು ನಾಲ್ಕನೆಯದು.

ಆದರೆ ಇವು ಮದ್ದಿಗೆ ಬದಲಲ್ಲ. ಬಸಿರಿಲ್ಲದ ಹೆಂಗಸಿನ ರಕ್ತದಲ್ಲಿ ಹಿಮೋಗ್ಲೋಬಿನ್ ಅಂಶವು ಒಂದು ಡೆಸಿಲೀಟರಿಗೆ 12 ಗ್ರಾಮಿಗಿಂತ ಕಡಮೆಯಿದ್ದರೆ ಅದನ್ನು ರಕ್ತಹೀನತೆಯೆಂದು ವೈದ್ಯರು ಎಣಿಸುವರು. ಮೆಟ್ಟಿಲು ಹತ್ತಿದರೆ ಏದುಸಿರು, ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚಿರುವುದು, ಕಾರಣವಿಲ್ಲದ ಆಯಾಸ, ಇವು ಕಂಡರೆ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡಿಸಿ, ಅವರು ಕೊಡುವ ಕಬ್ಬಿಣದ ಮಾತ್ರೆಗಳನ್ನು ತಪ್ಪದೆ ನುಂಗತಕ್ಕದ್ದು. ಮಾತ್ರೆಯ ಕೆಲಸವನ್ನು ಮಾತ್ರೆಯೇ ಮಾಡಬೇಕು. ಒಮ್ಮೆ ಗಳಿಸಿದ ಪುಷ್ಟಿಯನ್ನು ಉಳಿಸಿಕೊಳ್ಳುವುದಕ್ಕೆ ತಟ್ಟೆಯು ನೆರವಾಗಬೇಕು.

ಹೊಲದ ಬದುವಿನ ಸೊಪ್ಪನ್ನೂ ಹಿಡಿ ಹುರುಳಿಯನ್ನೂ ಇಷ್ಟು ಜಾಣತನದಿಂದ ಕೂಡಿಸಿದ ಹೆಂಗಸರ ಹೆಸರುಗಳು ಯಾವ ಗ್ರಂಥದಲ್ಲಿಯೂ ಇಲ್ಲ. ನೀರನ್ನು ಚೆಲ್ಲಬಾರದೆಂದೂ ಹುಳಿಯು ಕಡೆಗೆ ಬೀಳಬೇಕೆಂದೂ ಖಾರವು ಅವರವರ ಇಚ್ಛೆಗೆ ಬಿಟ್ಟದ್ದೆಂದೂ ಕಂಡುಕೊಂಡವರು ಅವರು. ಅವರು ಬಿಟ್ಟುಹೋದ ಕ್ರಮದಲ್ಲಿ ತಿದ್ದಬೇಕಾದುದು ಬಹಳವೇನೂ ಇಲ್ಲ. ಬಡಿಸುವ ಸರದಿಯೊಂದನ್ನು ತಿದ್ದಿಕೊಂಡರೆ ಸಾಕು. ವಾಚಕರ ಮನೆಯಲ್ಲಿ ಈ ತಿಂಗಳು ಉಪ್ಪುಸಾರು ಆದ ದಿನ, ತಟ್ಟೆಗಳನ್ನು ಹಾಕುವುದಕ್ಕೆ ಮೊದಲು ಆ ಬಟ್ಟಲು ತುಂಬಿರಲಿ. ಸಾಧ್ಯವಾದರೆ ಅಡಿಗೆ ಮಾಡಿದವಳೂ ಎಲ್ಲರೊಡನೆಯೇ ಕುಳಿತು, ಹಿಟ್ಟು ಬಿಸಿಯಾಗಿರುವಾಗಲೇ ಉಣ್ಣಲಿ.